ವಾಂಗ್ ವಿಯೆಂಗ್‌ಗೆ ಹೋಗಿ, ಆದರೆ ಹೊಳೆಯ ಆಚೆ ದಡದಲ್ಲಿ ಉಳಿಯಿರಿ

ಪ್ರಶ್ನೆ: ನನಗೆ 46 ವರ್ಷ, ಬ್ಯಾಂಕ್ ಉದ್ಯೋಗಿ. ಡಿಸೆಂಬರ್‌ನಲ್ಲಿ ನಾನು, ನನ್ನ ತಂಗಿ ಲಾವೋಸ್‌ಗೆ ಹೊರಟಿದ್ದೇವೆ. ಲುವಾಂಗ್ ಪ್ರಬಾಂಗ್‌ನ ಬೌದ್ಧ ದೇಗುಲಗಳನ್ನು ನೋಡಬೇಕು ಅನ್ನೋದು ಬಹಳ ದಿನಗಳ ಆಸೆ. ದಾರಿಯಲ್ಲೇ ವಾಂಗ್ ವಿಯೆಂಗ್ ಸಿಗುತ್ತೆ. ಅಲ್ಲಿನ ಬೆಟ್ಟಗಳ ಫೋಟೋ ನೋಡಿ ತಂಗಿ ಎರಡು ದಿನ ಅಲ್ಲೂ ಇರೋಣ ಅಂತಿದ್ದಾಳೆ. ಆದರೆ ಆ ಊರಿನ ಬಗ್ಗೆ ಓದಿದ್ದೆಲ್ಲ ಬರೀ ಕುಡಿತ, ಡ್ರಗ್ಸ್, ರಾತ್ರಿಯಿಡೀ ಪಾರ್ಟಿ. ನಾವು ಕುಡಿಯುವವರಲ್ಲ, ಮಾಂಸ ತಿನ್ನುವವರಲ್ಲ, ಹತ್ತಕ್ಕೆಲ್ಲ ಮಲಗುವವರು. ಈ ಊರನ್ನು ಬಿಟ್ಟುಬಿಡೋದೇ ಒಳ್ಳೆಯದಾ?
– ಓದುಗರು, ಶಿವಮೊಗ್ಗ

ಉತ್ತರ: ಬಿಡಬೇಡಿ ಮೇಡಂ. ನಿಮ್ಮ ತಂಗಿ ಹೇಳುತ್ತಿರುವುದು ಸರಿ ಇದೆ.

ನೀವು ಓದಿದ್ದೂ ಸುಳ್ಳಲ್ಲ. ಅದರಲ್ಲಿ ಬಹುಪಾಲು ಹಳೆಯ ಕಥೆ, ಅಷ್ಟೆ. ಲಾರಿ, ಟ್ರ್ಯಾಕ್ಟರ್‌ಗಳ ಟ್ಯೂಬ್ ಮೇಲೆ ಕೂತು ನಾಮ್ ಸಾಂಗ್ ಹೊಳೆಯಲ್ಲಿ ತೇಲಿಕೊಂಡು ಬರೋದು ಈ ಊರಿನ ಆಟ. ಒಂದು ಕಾಲದಲ್ಲಿ ಆ ಹೊಳೆಯ ಎರಡೂ ದಡದಲ್ಲಿ ಸಾಲು ಸಾಲು ಬಾರ್‌ಗಳಿದ್ದವು. ತೇಲಿ ಬರುವವರಿಗೆ ಹಗ್ಗ ಎಸೆದು ದಡಕ್ಕೆ ಎಳೆದುಕೊಳ್ಳುತ್ತಿದ್ದರು. ಕುಡಿದ ಹುಡುಗರು ಎತ್ತರದ ಉಯ್ಯಾಲೆಗಳಿಂದ ನೀರಿಗೆ ಹಾರುತ್ತಿದ್ದರು. ಕೆಳಗೆ ಆಳವಿಲ್ಲ, ಬಂಡೆಗಳು. 2011ರ ಒಂದೇ ವರ್ಷದಲ್ಲಿ ಅಲ್ಲಿನ ಆಸ್ಪತ್ರೆ 27 ಪ್ರವಾಸಿಗರ ಸಾವನ್ನು ದಾಖಲಿಸಿತ್ತು ಎಂದು ಪತ್ರಿಕೆಗಳು ಬರೆದವು. 2012ರಲ್ಲಿ ಸರ್ಕಾರ ಆ ಬಾರ್‌ಗಳನ್ನೂ ಉಯ್ಯಾಲೆಗಳನ್ನೂ ತೆಗೆಸಿತು. ಪಾರ್ಟಿ ನಿಂತಿಲ್ಲ, ಆದರೆ ಈಗ ಅದು ಹೆಚ್ಚಾಗಿ ಊರ ನಡುವಿನ ಕೆಲವು ಬೀದಿಗಳಲ್ಲಿ ಇದೆ. ಜೊತೆಗೆ ಕೊರಿಯಾ, ಚೀನಾ, ಥಾಯ್ಲೆಂಡ್‌ನಿಂದ ಮನೆಮಂದಿಯೆಲ್ಲ ಬಂದು ಹೋಗುವ ಊರೂ ಆಗಿದೆ.

ಹಾಗಾಗಿ ನಿಮ್ಮ ಅರ್ಧ ಸಮಸ್ಯೆ ರೂಮ್ ಬುಕ್ ಮಾಡುವಾಗಲೇ ಮುಗಿಯುತ್ತೆ. ಊರು, ಬಾರ್‌ಗಳು ಎಲ್ಲ ಹೊಳೆಯ ಪೂರ್ವಕ್ಕೆ. ಪಶ್ಚಿಮದ ದಡದಲ್ಲಿ ಗದ್ದೆಗಳು, ಅದರ ಹಿಂದೆ ಸುಣ್ಣಕಲ್ಲಿನ ಬೆಟ್ಟಗಳ ಗೋಡೆ. ಅಲ್ಲಿ ಸಣ್ಣ ಸಣ್ಣ ಬಂಗಲೆಗಳು ಬಾಡಿಗೆಗೆ ಸಿಗುತ್ತವೆ. ನಡೆದು ದಾಟಲು ಸೇತುವೆಗಳಿವೆ. ಒಂದು ಮಾತು ನೆನಪಿಡಿ, ನೀರಿನ ಮೇಲೆ ಸದ್ದು ದೂರ ಹೋಗುತ್ತೆ. ಊರಿನ ಬಾರ್‌ಗಳಿಗೆ ನೇರ ಎದುರಿನ ಬಂಗಲೆ ಬೇಡ. ಗದ್ದೆ ಕಡೆಗೆ ಒಂದಿಷ್ಟು ಒಳಗಿರುವುದನ್ನು ಹುಡುಕಿ. ಬುಕ್ ಮಾಡುವ ಮೊದಲು ಇತ್ತೀಚಿನ ಅತಿಥಿಗಳು ಬರೆದದ್ದನ್ನು ಓದಿ, ರಾತ್ರಿ ಗಲಾಟೆ ಇತ್ತಾ ಅನ್ನೋದನ್ನು ಯಾರಾದರೂ ಬರೆದೇ ಇರುತ್ತಾರೆ. ಸಂಜೆ ಊಟ ಮುಗಿಸಿ ವಾಪಸ್ ಬರೋಕೆ ಒಂದು ಟಾರ್ಚ್ ಇರಲಿ.

ಇನ್ನು ಬೇಗ ಮಲಗುವವರು ಅಂದಿರಿ. ಅದು ಇಲ್ಲಿ ದೊಡ್ಡ ಲಾಭ. ರಾತ್ರಿ ಕುಣಿದವರೆಲ್ಲ ಒಂಬತ್ತು ಗಂಟೆವರೆಗೆ ಏಳಲ್ಲ. ಅಷ್ಟರಲ್ಲಿ ಊರಿನ ಒಳ್ಳೆಯದೆಲ್ಲ ಆಗಿ ಮುಗಿದಿರುತ್ತೆ. ಬೆಳಕು ಹರಿಯುವ ಹೊತ್ತಿಗೆ ಭಿಕ್ಷುಗಳು ಸಾಲಾಗಿ ಬರುತ್ತಾರೆ, ಮನೆ ಮುಂದೆ ಮಂಡಿಯೂರಿ ಕೂತ ಹೆಂಗಸರು ಬಿದಿರಿನ ಬುಟ್ಟಿಯಿಂದ ಅಂಟು ಅನ್ನ ತೆಗೆದು ಅವರ ಪಾತ್ರೆಗೆ ಹಾಕುತ್ತಾರೆ. ದೂರದಲ್ಲಿ ನಿಂತು ನೋಡಿ, ಮುಖದ ಹತ್ತಿರ ಫೋನ್ ಹಿಡಿಯಬೇಡಿ. ಅದೇ ಹೊತ್ತಿಗೆ ಹೊಳೆ ಮೇಲಿನ ಮಂಜು ನಿಧಾನಕ್ಕೆ ಏಳುತ್ತೆ, ಬೆಟ್ಟಗಳ ತುದಿ ಮಾತ್ರ ಕಾಣುತ್ತೆ, ಬಿಸಿಗಾಳಿ ಬಲೂನ್‌ಗಳು ಆ ತುದಿಗಳ ನಡುವೆ ತೇಲುತ್ತವೆ. ಇದನ್ನು ನೋಡೋಕೆ ಟಿಕೆಟ್ ಬೇಕಿಲ್ಲ, ನಿಮ್ಮ ವರಾಂಡವೇ ಸಾಕು.

ಬೆಳಗ್ಗೆಯೇ ಬ್ಲೂ ಲಗೂನ್ 1 ಎಂಬ ನೀಲಿ ನೀರಿನ ಕೊಳಕ್ಕೆ ಹೋಗಿ ಬನ್ನಿ, ಊರಿಂದ ಆರೇಳು ಕಿಲೋಮೀಟರ್. ಮಧ್ಯಾಹ್ನ ಆದರೆ ಅಲ್ಲಿ ಜಾತ್ರೆ. ಹೆಚ್ಚಿನವರು ನೀರಿಗೆ ಹಾರಿ ವಾಪಸ್ ಹೋಗುತ್ತಾರೆ, ಪಕ್ಕದ ಕಡಿದಾದ ದಾರಿ ಹತ್ತಿದರೆ ಥಾಮ್ ಫು ಖಾಮ್ ಗುಹೆಯೊಳಗೆ ಮಲಗಿದ ಬುದ್ಧನ ಕಂಚಿನ ಮೂರ್ತಿ ಇದೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತೇ ಇರಲ್ಲ. ಒಳಗೆ ಕಲ್ಲು ಜಾರುತ್ತೆ, ಚಪ್ಪಲಿ ಬೇಡ, ಶೂ ಹಾಕಿ. ಜಾರುವ ಕಲ್ಲುದಾರಿ ಬೇಡ ಅನಿಸಿದರೆ ಊರಿಗೆ ಹತ್ತಿರದ ಥಾಮ್ ಜಾಂಗ್ ಗುಹೆ ಸಾಕು. ಅಲ್ಲಿ ಮೆಟ್ಟಿಲಿದೆ, ದೀಪ ಇದೆ. ನಾಮ್ ಸಾಯ್ ಬೆಟ್ಟದ ತುದಿಯಲ್ಲಿ ಒಂದು ಬೈಕ್ ನಿಲ್ಲಿಸಿದ್ದಾರೆ, ಅದರ ಮೇಲೆ ಕೂತು ಫೋಟೋ ತೆಗೆಸಿಕೊಳ್ಳೋಕೆ ಜನ ಕ್ಯೂ ನಿಲ್ಲುತ್ತಾರೆ. ಅದರ ಹಿಂದೆ ನೇರ ಪ್ರಪಾತ. ನೀವು ನೋಟ ನೋಡಿ ಇಳಿದು ಬನ್ನಿ.

ಈಗ ನನ್ನ ಮುಖ್ಯ ಮಾತು. ನಿಮ್ಮಂತಹ ಜಾಗ್ರತೆಯ ಪ್ರಯಾಣಿಕರು ಹೆದರೋದು ಕುಡಿದ ಹುಡುಗರಿಗೆ. ನಿಜಕ್ಕೂ ಹುಷಾರಾಗಿರಬೇಕಾದದ್ದು ಹೊಳೆ ಮತ್ತು ಸ್ಕೂಟರ್ ವಿಷಯದಲ್ಲಿ. ಕುಡಿಯದವರೂ ಸಿಕ್ಕಿಹಾಕಿಕೊಳ್ಳೋದು ಇಲ್ಲೇ.

ಲಾವೋಸ್‌ನಲ್ಲಿ ವಾಹನ ಓಡಿಸೋದು ರಸ್ತೆಯ ಬಲಗಡೆ. ಇಪ್ಪತ್ತು ವರ್ಷ ಎಡಗಡೆ ಸ್ಕೂಟಿ ಓಡಿಸಿದ ಕೈಗೆ ತಿರುವಿನಲ್ಲಿ ಅದು ಮರೆತೇ ಹೋಗುತ್ತೆ. ಲಗೂನ್ ಕಡೆಯ ರಸ್ತೆಗಳಲ್ಲಿ ಜಲ್ಲಿ, ಧೂಳು ಜಾಸ್ತಿ. ಸರಿಯಾದ ಅಂತಾರಾಷ್ಟ್ರೀಯ ಲೈಸೆನ್ಸ್ ಇಲ್ಲದೆ ಬಿದ್ದರೆ ಪ್ರವಾಸ ವಿಮೆಯವರು ಸಾಮಾನ್ಯವಾಗಿ ಕೈ ಎತ್ತುತ್ತಾರೆ. ಬಾಡಿಗೆಯವರು ಪಾಸ್‌ಪೋರ್ಟ್ ಅಡ ಇಡಿ ಅಂತಲೂ ಕೇಳಬಹುದು, ಕೊಡಲೇಬೇಡಿ. ಇಬ್ಬರಿದ್ದೀರಿ, ಅರ್ಧ ದಿನಕ್ಕೆ ಟುಕ್‌ಟುಕ್ ಮಾತಾಡಿಕೊಳ್ಳಿ.

ಹೊಳೆಗೆ ಇಳಿಯುವ ಆಸೆ ಇದ್ದರೆ ಟ್ಯೂಬ್‌ಗಿಂತ ಗೈಡ್ ಜೊತೆ ಕಯಾಕ್ ವಾಸಿ. ಟ್ಯೂಬ್‌ನಲ್ಲಿ ದಿಕ್ಕು ನಿಮ್ಮ ಕೈಯಲ್ಲಿರಲ್ಲ. ಡಿಸೆಂಬರ್‌ನಲ್ಲಿ ನೀರು ಸೌಮ್ಯವಾಗಿರುತ್ತೆ, ಹಾಗಂತ ಲೈಫ್ ಜಾಕೆಟ್ ಬಿಡಬೇಡಿ, ಸರಿಯಾಗಿ ಬಿಗಿಯುತ್ತಾ ಅಂತ ದಡದಲ್ಲೇ ನೋಡಿಕೊಳ್ಳಿ. ಆ ತಿಂಗಳು ಕತ್ತಲೆ ಬೇಗ ಆಗುತ್ತೆ, ನಾಲ್ಕು ಗಂಟೆಯೊಳಗೆ ನೀರಿಂದ ಹೊರಗಿರಿ. ಈಜುಡುಗೆಯಲ್ಲೇ ಊರೊಳಗೆ ನಡೆಯೋದು ಅಲ್ಲಿನವರಿಗೆ ಇಷ್ಟವಾಗಲ್ಲ. ಮೇಲೊಂದು ಬಟ್ಟೆ ಹಾಕಿಕೊಳ್ಳಿ.

ಊಟದ ವಿಷಯ. ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಹಾಕೋದು ಅಲ್ಲಿ ರೂಢಿ. "ಬೋ ಸೈ ನಾಮ್ ಪಾ" ಅಂದರೆ ಮೀನಿನ ಸಾಸ್ ಹಾಕಬೇಡಿ ಅಂತ. ಲಾವೋ ಲಿಪಿಯಲ್ಲಿ ಬರೆಸಿ ಫೋನಿನಲ್ಲಿಟ್ಟುಕೊಂಡು ತೋರಿಸಿ. ಇಂಡಿಯನ್ ಹೋಟೆಲ್‌ಗಳೂ ಇವೆ. ಮೆನುವಿನಲ್ಲಿ "ಹ್ಯಾಪಿ" ಪಿಜ್ಜಾ, "ಹ್ಯಾಪಿ" ಶೇಕ್ ಅಂತ ಕಂಡರೆ ಅದರಲ್ಲಿ ಗಾಂಜಾ ಅಥವಾ ಅಮಲಿನ ಅಣಬೆ ಇರುತ್ತೆ, ಹಣ್ಣಿನ ಶೇಕ್ ಅಂದುಕೊಂಡು ತರಿಸಬೇಡಿ. ಲಾವೋಸ್‌ನ ಡ್ರಗ್ಸ್ ಕಾನೂನು ತುಂಬಾ ಕಠಿಣ.

ಓಡಾಟ ಈಗ ಸುಲಭ. 2021ರ ಡಿಸೆಂಬರ್‌ನಲ್ಲಿ ಶುರುವಾದ ರೈಲಿನಲ್ಲಿ ರಾಜಧಾನಿ ವಿಯೆಂಟಿಯಾನ್‌ನಿಂದ ಸುಮಾರು ಒಂದು ಗಂಟೆ, ಅಲ್ಲಿಂದ ಲುವಾಂಗ್ ಪ್ರಬಾಂಗ್‌ಗೆ ಇನ್ನೊಂದು ಗಂಟೆ. ಟಿಕೆಟ್ ಮೊದಲೇ ಮಾಡಿಸಿ. ಸ್ಟೇಷನ್‌ನಲ್ಲಿ ಬ್ಯಾಗ್ ತಪಾಸಣೆ ಇದೆ. ಸ್ಪ್ರೇ ಡಬ್ಬಿ, ಚಾಕು, ಕತ್ತರಿ ತೆಗೆದುಕೊಂಡುಬಿಡುತ್ತಾರೆ. ಸೊಳ್ಳೆಗೆ ಕ್ರೀಮ್ ಇಟ್ಟುಕೊಳ್ಳಿ.

ಪ್ರಶ್ನೆ: ಮಗ ಸ್ನೇಹಿತರ ಜೊತೆ ಇದೇ ಊರಿಗೆ ಹೋಗುತ್ತಿದ್ದಾನೆ, ವಯಸ್ಸು 23. ಕುಡಿಯಬೇಡ ಅಂದರೆ ಕೇಳುವ ವಯಸ್ಸಲ್ಲ. ಅಲ್ಲಿ ವಿಷದ ಮದ್ಯ ಕುಡಿದು ಪ್ರವಾಸಿಗರು ಸತ್ತ ಸುದ್ದಿ ಓದಿದ್ದೆ. ಏನು ಹೇಳಿ ಕಳಿಸಲಿ?
– ಓದುಗರು, ದಾವಣಗೆರೆ

ಉತ್ತರ: ಅದು 2024ರ ನವೆಂಬರ್‌ನ ಘಟನೆ. ಆರು ವಿದೇಶಿಯರು ಮೆಥನಾಲ್ ಎಂಬ ಕೈಗಾರಿಕಾ ಆಲ್ಕೋಹಾಲ್‌ನ ವಿಷಕ್ಕೆ ಬಲಿಯಾದರು, ಅದರಲ್ಲಿ ಇಬ್ಬರು 19 ವರ್ಷದ ಹುಡುಗಿಯರು. ನಮಗೇನೂ ಇದು ಹೊಸದಲ್ಲ. 1981ರಲ್ಲಿ ಬೆಂಗಳೂರಿನಲ್ಲೇ ಕಳ್ಳಭಟ್ಟಿಗೆ ಮುನ್ನೂರಕ್ಕೂ ಹೆಚ್ಚು ಜನ ಸತ್ತಿದ್ದರು.

ಬರೀ ಬೇಡ ಅನ್ನುವ ಬದಲು ಕಾರಣ ಹೇಳಿ, ಕೇಳುತ್ತಾನೆ. ಗ್ಲಾಸಿನಲ್ಲಿ ಬೆರೆಸಿದ ಮೆಥನಾಲ್ ಬಣ್ಣದಲ್ಲಾಗಲಿ ರುಚಿಯಲ್ಲಾಗಲಿ ಗೊತ್ತಾಗಲ್ಲ. ಕುಡಿದಾಗ ಮಾಮೂಲಿ ಅಮಲು. ದೇಹದೊಳಗೆ ಅದು ಫಾರ್ಮಿಕ್ ಆಸಿಡ್ ಆಗುತ್ತೆ, ಕಣ್ಣಿನ ನರವನ್ನು ಹಾಳು ಮಾಡುತ್ತೆ. ಇದಕ್ಕೆ 12ರಿಂದ 24 ಗಂಟೆ ಹಿಡಿಯಬಹುದು. ಆದ್ದರಿಂದಲೇ ಮರುದಿನದ ತಲೆನೋವು, ವಾಂತಿಯನ್ನು ಎಲ್ಲರೂ ಹ್ಯಾಂಗೋವರ್ ಅಂದುಕೊಂಡು ಮಲಗಿಬಿಡುತ್ತಾರೆ. ಆ ನಿದ್ದೆಯಲ್ಲೇ ಜೀವ ಹೋಗಬಹುದು.

ಕುಡಿಯಲೇಬೇಕು ಅಂದರೆ ಕಣ್ಣೆದುರೇ ತೆರೆದ ಬಿಯರ್ ಬಾಟಲಿ ಅಥವಾ ಕ್ಯಾನ್ ಮಾತ್ರ. ಹಾಸ್ಟೆಲ್‌ನಲ್ಲಿ ಪುಕ್ಕಟೆ ಕೊಡುವ ಶಾಟ್, ಬಕೆಟ್‌ನಲ್ಲಿ ಬೆರೆಸಿ ಕೊಡುವ ಕಾಕ್‌ಟೇಲ್, ಮನೆಯಲ್ಲಿ ಕಾಸಿದ ಲಾವೋ ಲಾವೋ ಎಂಬ ಅಕ್ಕಿ ಸಾರಾಯಿ, ಇವ್ಯಾವುವೂ ಬೇಡ. ಯಾರಿಗಾದರೂ ಕಣ್ಣು ಮಂಜಾದರೆ, ಉಸಿರಾಟ ಜೋರಾದರೆ, ಹೊಟ್ಟೆ ತೀರಾ ನೋವಾದರೆ ಒಬ್ಬರನ್ನೇ ರೂಮಿನಲ್ಲಿ ಬಿಡಕೂಡದು. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ "ಮೆಥನಾಲ್" ಅನ್ನೋ ಶಬ್ದವನ್ನೇ ಹೇಳಬೇಕು. ಚಿಕಿತ್ಸೆ ಇದೆ, ಡಯಾಲಿಸಿಸ್ ಬೇಕಾಗಬಹುದು, ಅಷ್ಟೆಲ್ಲ ಸೌಲಭ್ಯ ಆ ಸಣ್ಣ ಊರಲ್ಲಿ ಸಿಗೋದು ಕಷ್ಟ. ಗಂಭೀರವಾದವರನ್ನು ವಿಯೆಂಟಿಯಾನ್‌ಗೆ, ಅಲ್ಲಿಂದ ಗಡಿ ದಾಟಿ ಥಾಯ್ಲೆಂಡ್‌ನ ಉಡಾನ್ ಥಾನಿಗೆ ಸಾಗಿಸುತ್ತಾರೆ. ಅದರ ಖರ್ಚು ಭರಿಸುವ ವಿಮೆಯನ್ನು ನೀವೇ ಮಾಡಿಸಿ ಕೊಡಿ. ಪಾಲಿಸಿಯ ತುರ್ತು ನಂಬರ್, ವಿಯೆಂಟಿಯಾನ್‌ನ ಭಾರತೀಯ ರಾಯಭಾರ ಕಚೇರಿಯ ನಂಬರ್, ಇವೆರಡೂ ಅವನ ಫೋನಿನಲ್ಲಷ್ಟೇ ಅಲ್ಲ, ಜೊತೆಗಿರುವ ಸ್ನೇಹಿತರ ಫೋನಿನಲ್ಲೂ ಇರಲಿ.