ಬೇಸಿಗೆ ರಜೆಯಲ್ಲಿ ಮೂರನೇ ತರಗತಿಗೆ ಹೋಗುವ ಮಗುವಿಗೆ ಮನೆಯಲ್ಲಿ ಒಂದು ದಿನದ ಕಲಿಕೆ ಹೇಗಿರಬೇಕು?

ನೀವು ಬರೆದಿರುವುದು ಇಷ್ಟು: ಮಗಳು ಸರ್ಕಾರಿ ಕನ್ನಡ ಶಾಲೆಯಲ್ಲಿ ಎರಡನೇ ತರಗತಿ ಮುಗಿಸಿದ್ದಾಳೆ, ನೀವಿಬ್ಬರೂ ಕೆಲಸಕ್ಕೆ ಹೋಗುತ್ತೀರಿ, ಹಗಲು ಅಜ್ಜಿ ನೋಡಿಕೊಳ್ಳುತ್ತಾರೆ, ವರ್ಕ್‌ಶೀಟ್ ಮುಂದಿಟ್ಟರೆ ಅಳುತ್ತಾಳೆ.

ಮೊದಲು ವರ್ಕ್‌ಶೀಟ್ ಪಕ್ಕಕ್ಕಿಡಿ. ಅವಳು ಕಲಿತಿರುವುದು ನಲಿಕಲಿಯಲ್ಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿಯಲ್ಲಿ ಮಕ್ಕಳು ಗುಂಪಿನ ಗುರುತಿಗೆ ಇಟ್ಟ ತಟ್ಟೆಗಳ ಸುತ್ತ ಕೂರುತ್ತಾರೆ. ಕಾರ್ಡು, ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡ್), ಬೀಜ, ಕಡ್ಡಿ ಕೈಯಲ್ಲಿ ಹಿಡಿದು ಕಲಿಯುತ್ತಾರೆ. ಅಂಥ ಮಗುವನ್ನು ಒಂಟಿಯಾಗಿ ಕೂರಿಸಿ ಮೂವತ್ತು ಲೆಕ್ಕ ಮಾಡು ಎಂದರೆ ಅಳು ಬರುವುದು ಸಹಜ. ದಿನಕ್ಕೆ ಒಟ್ಟು ಎರಡು ಗಂಟೆ ಸಾಕು, ಅದೂ ಒಂದೇ ಪಟ್ಟಿನಲ್ಲಿ ಬೇಡ. ಒಂದೊಂದು ಕೆಲಸ 25 ನಿಮಿಷ ದಾಟದಿರಲಿ.

ತಿಂಡಿ ಆದ ಕೂಡಲೇ ಲೆಕ್ಕ. ಆ ಹೊತ್ತಿಗೆ ತಲೆ ಹಗುರವಾಗಿರುತ್ತದೆ. ತೆಂಗಿನ ಪೊರಕೆಯ ಕಡ್ಡಿಗಳನ್ನು ಬೆರಳುದ್ದ ಮುರಿದು 100 ತುಂಡು ಮಾಡಿ, ಹತ್ತು ಹತ್ತಕ್ಕೆ ರಬ್ಬರ್ ಬ್ಯಾಂಡ್ ಹಾಕಿಸಿ. ದಾರ ಕಟ್ಟಬೇಡಿ. ಗಂಟು ಬಿಚ್ಚಲು ಬರದೆ ದೊಡ್ಡವರ ಹತ್ತಿರ ತರುತ್ತಾಳೆ, ಈ ಪಾಠದಲ್ಲಿ ಮುಖ್ಯವಾದದ್ದೇ ಕಟ್ಟು ಬಿಚ್ಚುವುದು. ಕಟ್ಟಿದ ಮೇಲೆ ಇನ್ನೊಮ್ಮೆ ಎಣಿಸಲಿ, 9 ಅಥವಾ 11 ಇದ್ದರೆ ಮುಂದಿನದೆಲ್ಲ ಕೆಡುತ್ತದೆ.

ಈಗ 42ರಲ್ಲಿ 17 ಕಳೆಯುವ ಲೆಕ್ಕ ತೆಗೆದುಕೊಳ್ಳಿ. ಈ ವಯಸ್ಸಿನ ಬಹಳ ಮಕ್ಕಳು ಉತ್ತರ 35 ಎಂದು ಬರೆಯುತ್ತಾರೆ. ಅದು ಉದಾಸೀನವಲ್ಲ. 2ರಲ್ಲಿ 7 ಹೋಗುವುದಿಲ್ಲ, ಅದಕ್ಕೆ 7ರಲ್ಲಿ 2 ಕಳೆದಿರುತ್ತಾರೆ. ‘ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು’ ಎಂದು ಹಿಂದೆ ನಾವೇ ಹೇಳಿಕೊಟ್ಟದ್ದನ್ನು ನಿಯತ್ತಾಗಿ ಪಾಲಿಸಿರುತ್ತಾರೆ. ಹಾಗಾಗಿ ಸ್ಲೇಟು ಕೊಡದೆ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಮುಂದಿಟ್ಟು, ‘ಅಜ್ಜಿಗೆ 17 ಕೊಡು’ ಅನ್ನಿ. ಒಂದು ಕಟ್ಟು ಕೊಡುತ್ತಾಳೆ. ಏಳು ಬಿಡಿ ಬೇಕು, ಇರುವುದು ಎರಡೇ. ಇಲ್ಲಿ ತಡೆದು ಕೂರುತ್ತಾಳೆ. ಆಗ ದಯವಿಟ್ಟು ಯಾರೂ ಬಾಯಿ ಹಾಕಬೇಡಿ. ಅರ್ಧ ನಿಮಿಷವೋ ಒಂದು ನಿಮಿಷವೋ ಕಡ್ಡಿಗಳನ್ನೇ ನೋಡುತ್ತಾ ಇದ್ದು, ತಾನಾಗಿಯೇ ಒಂದು ಕಟ್ಟಿನ ರಬ್ಬರ್ ಎಳೆಯುತ್ತಾಳೆ. ಬಿಡಿ 12 ಆಯಿತು, 7 ಕೊಟ್ಟರೆ 5 ಉಳಿಯಿತು, ಕಟ್ಟು ಎರಡು ಉಳಿಯಿತು: 25. ಇಂಥ ನಾಲ್ಕು ಲೆಕ್ಕ ಕಡ್ಡಿಯಲ್ಲೇ ಆಗಲಿ. ಆಮೇಲೆ ಸ್ಲೇಟಿನಲ್ಲಿ 4 ಹೊಡೆದು 3 ಬರೆಯುವಾಗ, ಬಿಚ್ಚಿದ ಕಟ್ಟು ಯಾವುದೆಂದು ತೋರಿಸಲಿ. ‘ಪಕ್ಕದ ಮನೆಯಿಂದ ಸಾಲ ತಗೋ’ ಎನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಇಲ್ಲಿ ಸಾಲವೇನೂ ಇಲ್ಲ, ಹತ್ತು ರೂಪಾಯಿ ನೋಟಿಗೆ ಚಿಲ್ಲರೆ ಮಾಡಿಸಿದಂತೆ ಅಷ್ಟೆ.

ನಡುವೆ ಎರಡೆರಡು ನಿಮಿಷದ ಕೆಲಸ ಒಂದಿದೆ, ನೆರಳು ಅಳೆಯುವುದು. ಹಳೆಯ ಡಬ್ಬಿಗೆ ಮರಳು ತುಂಬಿ ಒಂದು ಅಡಿ ಕೋಲು ನೆಟ್ಟಗೆ ನಿಲ್ಲಿಸಿ, ತಾರಸಿಯಲ್ಲೋ ಅಂಗಳದಲ್ಲೋ ಇಡಿ. ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ತೂಗುಬಿಟ್ಟರೆ ಕೋಲು ವಾಲಿದೆಯೋ ಇಲ್ಲವೋ ಗೊತ್ತಾಗುತ್ತದೆ. ಬೆಳಿಗ್ಗೆ ಒಂಬತ್ತೂವರೆ, ನಡುಹಗಲು, ಮಧ್ಯಾಹ್ನ ಮೂರೂವರೆಗೆ ನೆರಳಿನ ತುದಿಗೆ ಸೀಮೆಸುಣ್ಣದ ಗೆರೆ ಎಳೆದು ಸ್ಕೇಲಿನಲ್ಲಿ ಅಳೆಯಲಿ. ಡಬ್ಬಿ ಯಾರೂ ಸರಿಸದಂತೆ ಅದರ ಸುತ್ತಲೂ ಒಂದು ಗೆರೆ ಎಳೆದಿಡಿ. ಏಪ್ರಿಲ್ 24ರ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವುದರಿಂದ ಆ ಹೊತ್ತಿಗೆ ಕೋಲಿಗೆ ನೆರಳೇ ಇರುವುದಿಲ್ಲ. ಅದು ಹನ್ನೆರಡಕ್ಕಲ್ಲ, 12 ಗಂಟೆ 18 ನಿಮಿಷದ ಸುಮಾರಿಗೆ. ನಮ್ಮ ಗಡಿಯಾರದ ಸಮಯ ನಮಗಿಂತ ಪೂರ್ವದ ಒಂದು ರೇಖಾಂಶದ ಲೆಕ್ಕದ್ದು, ಇಲ್ಲಿ ಸೂರ್ಯ ನೆತ್ತಿಗೆ ಬರುವುದು ತುಸು ತಡ. ಉತ್ತರಕ್ಕೆ ಹೋದಂತೆ ನೆರಳಿಲ್ಲದ ಈ ದಿನ ಮುಂದಕ್ಕೆ ಹೋಗುತ್ತದೆ. ಕಲಬುರಗಿಯಲ್ಲಿ ಮೇ ಎರಡನೇ ವಾರ ಬರುತ್ತದೆ. ರಜೆಯಲ್ಲೇ ಸಿಗುವ ಈ ದಿನವನ್ನು ತಪ್ಪಿಸಬೇಡಿ.

ಬರವಣಿಗೆಗೆ ಅಂಗಡಿ ಚೀಟಿಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಅಜ್ಜಿ ಹೇಳಲಿ, ಅವಳು ಬರೆಯಲಿ: ತೊಗರಿಬೇಳೆ, ಅಕ್ಕಿ, ಉಪ್ಪು, ಬೆಲ್ಲ, ಕೊತ್ತಂಬರಿ, ಸಾಸಿವೆ. ಆರೇ ಸಾಮಾನು, ಪ್ರತಿಯೊಂದರ ಎದುರು ಎಷ್ಟು ಗ್ರಾಂ ಅಂತ. ‘ಬೇಳೆ’ ಹೋಗಿ ‘ಬೆಳೆ’ ಆಗಿರುತ್ತದೆ. ಕೆಂಪು ಪೆನ್ನು ಹಿಡಿಯಬೇಡಿ, ಬರೆದದ್ದನ್ನು ಬರೆದ ಹಾಗೇ ಗಟ್ಟಿಯಾಗಿ ಓದಿ, ‘ಅಂಗಡಿಯಲ್ಲಿ ಬೆಳೆ ಸಿಗುತ್ತಾ?’ ಎಂದು ಕೇಳಿ. ತಾನೇ ನಕ್ಕು ಸರಿ ಮಾಡುತ್ತಾಳೆ. ಅಜ್ಜಿಗೆ ಓದಲು ಬಾರದಿದ್ದರೆ ಹೇಳುವ ಕೆಲಸ ಅವರದಿರಲಿ, ಓದುವುದನ್ನು ಸಂಜೆ ನೀವು ಮಾಡಿ.

ಒತ್ತಕ್ಷರದ ತಪ್ಪಿಗೂ ಕಾರಣವಿದೆ. ‘ಅಕ್ಕಿ’, ‘ಉಪ್ಪು’ ಬಂದು ‘ಬೆಲ್ಲ’, ‘ಕೊತ್ತಂಬರಿ’ ತಪ್ಪಿದರೆ ಗಾಬರಿಯಾಗಬೇಡಿ. ಕ, ಪ ಮುಂತಾದವುಗಳ ಒತ್ತು ತಲೆಕಟ್ಟು ತೆಗೆದ ಅದೇ ಅಕ್ಷರ. ತ, ನ, ಮ, ಯ, ರ, ಲ ಈ ಆರರ ಒತ್ತು ಮಾತ್ರ ಮೂಲ ಅಕ್ಷರವನ್ನು ಹೋಲುವುದೇ ಇಲ್ಲ. ಈ ಆರನ್ನು ಒಂದು ರಟ್ಟಿನ ಮೇಲೆ ದೊಡ್ಡದಾಗಿ ಬರೆದು ಅವಳ ಕಣ್ಣಿಗೆ ಬೀಳುವ ಕಡೆ ಅಂಟಿಸಿ. ದಿನಕ್ಕೊಂದರಂತೆ ಹಳೆಯ ಪೇಪರಿನ ದೊಡ್ಡಕ್ಷರದ ಸಾಲುಗಳಲ್ಲಿ ಹುಡುಕಿ ಸುತ್ತು ಹಾಕಲಿ. ಉಳಿದ ಒತ್ತುಗಳಿಗೆ ಬೇರೆ ಪಾಠ ಬೇಕಾಗುವುದಿಲ್ಲ.

ಊಟವಾಗಿ ಸ್ವಲ್ಪ ಹೊತ್ತು ಮಲಗಿ ಎದ್ದ ಮೇಲೆ ಅರಿಶಿನದ ಕಾಗದ. ಒಂದು ಚಮಚ ಅರಿಶಿನಕ್ಕೆ ಮೂರು ಚಮಚ ನೀರು ಕಲಸಿ, ನುಣುಪಿಲ್ಲದ ಬಿಳಿ ಕಾಗದಕ್ಕೆ ತೆಳ್ಳಗೆ ಬಳಿದು ಒಣಗಿಸಿ, ಪಟ್ಟಿಗಳಾಗಿ ಕತ್ತರಿಸಿ. ನುಣುಪು ಕಾಗದ ಬಣ್ಣ ಹೀರುವುದಿಲ್ಲ. ಬಟ್ಟೆ ಸೋಪಿನ ನೀರು ತಾಗಿದರೆ ಪಟ್ಟಿ ಕೆಂಪಾಗುತ್ತದೆ, ಅದರ ಮೇಲೆ ನಿಂಬೆರಸ ಬಿಟ್ಟರೆ ಮತ್ತೆ ಹಳದಿ. ಮಜ್ಜಿಗೆ, ಹುಣಸೆನೀರು, ಅಡುಗೆ ಸೋಡಾದ ನೀರು ಇವುಗಳಲ್ಲಿ ಯಾವುದು ಕೆಂಪು ಮಾಡುತ್ತದೆ ಎಂದು ಮೊದಲು ಊಹಿಸಿ ಬರೆದುಕೊಳ್ಳಲಿ, ಆಮೇಲೆ ನೋಡಲಿ. ಎಲೆಯಡಿಕೆಯ ಸುಣ್ಣದಿಂದಲೂ ಕೆಂಪಾಗುತ್ತದೆ, ಆದರೆ ಅದು ಕಣ್ಣಿಗೆ ಹಾರಿದರೆ ಅಪಾಯ. ಮಕ್ಕಳ ಕೈಗೆ ಕೊಡಲೇಬೇಡಿ.

ಸಂಜೆ ಅಜ್ಜಿಯ ಜೊತೆ ಅಳಗುಳಿಮಣೆ. 14 ಗುಳಿ, ಗುಳಿಗೆ 5ರಂತೆ 70 ಹುಣಸೆಬೀಜ, ಕೆಲವೆಡೆ 4ರಂತೆ. ಮಣೆ ಇಲ್ಲದಿದ್ದರೆ ಮೊಟ್ಟೆಯ ಟ್ರೇ ಆಗುತ್ತದೆ. ಬೀಜ ಹಂಚುವ ಮೊದಲೇ ‘ಕೊನೆಯ ಬೀಜ ಯಾವ ಗುಳಿಗೆ ಬೀಳುತ್ತೆ?’ ಎಂದು ಕೇಳಿ. ಮೊದಲು ಬೆರಳಿಟ್ಟು ಎಣಿಸುವವಳು ವಾರದೊಳಗೆ ಕಣ್ಣಲ್ಲೇ ಎಣಿಸತೊಡಗುತ್ತಾಳೆ.

ರಾತ್ರಿ ಹದಿನೈದು ನಿಮಿಷ ನೀವು ಕಥೆ ಓದಿ ಹೇಳಿ, ಸಾಲಿನ ಕೆಳಗೆ ಅವಳ ಬೆರಳು ಓಡಲಿ. ಪ್ರಶ್ನೆ ಕೇಳಿ ಪರೀಕ್ಷೆ ಮಾಡುವ ಹೊತ್ತು ಅದಲ್ಲ.

ಮರುದಿನ ಅದೇ ಕಡ್ಡಿ, ಬೇರೆ ಸಂಖ್ಯೆ: 53ರಲ್ಲಿ 28, 61ರಲ್ಲಿ 34. ಬಿಡಿಯ ಜಾಗದಲ್ಲಿ ಸೊನ್ನೆ ಇರುವ 50ರಲ್ಲಿ 23ರಂಥ ಲೆಕ್ಕ ಮೂರನೇ ದಿನಕ್ಕಿರಲಿ. ಕೈಯಲ್ಲಿ ಒಂದೂ ಬಿಡಿ ಕಡ್ಡಿ ಇಲ್ಲದಿರುವಾಗ ಕಟ್ಟು ಬಿಚ್ಚಬೇಕೆಂದು ಹೊಳೆಯಲು ಎರಡು ದಿನದ ಅಭ್ಯಾಸ ಬೇಕು.