ಎರಡನೇ ಸಲದ ಕೀಮೋ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ಅತ್ತೆಯವರಿಗೆ 61 ವರ್ಷ. ಮೂರು ವರ್ಷದ ಹಿಂದೆ ಅಂಡಾಶಯದ ಕ್ಯಾನ್ಸರಿಗೆ ಆಪರೇಷನ್ ಆಗಿ, ಆರು ಕೀಮೋ ಮುಗಿಸಿ ಚೆನ್ನಾಗಿದ್ದರು. ಈಗ ಮತ್ತೆ ಕಾಣಿಸಿಕೊಂಡಿದೆ. ಮುಂಬಯಿ ಪರೇಲಿನ ಟಾಟಾ ಆಸ್ಪತ್ರೆಯಲ್ಲಿ 21 ದಿನಕ್ಕೊಮ್ಮೆ ಅದೇ ಕಾರ್ಬೋಪ್ಲಾಟಿನ್, ಪ್ಯಾಕ್ಲಿಟಾಕ್ಸೆಲ್ ಕೊಡುತ್ತೇವೆ ಎಂದಿದ್ದಾರೆ. ನಾನು, ಯಜಮಾನರು, ನಾದಿನಿ ಮೂವರೂ ನೋಡಿಕೊಳ್ಳಲು ಇದ್ದೇವೆ. "ಹೋದ ಸಲ ತಡ್ಕೊಂಡ್ರಲ್ಲ, ಈ ಸಲವೂ ಅಷ್ಟೇ" ಅನ್ನುತ್ತಾರೆ ಎಲ್ಲರೂ. ಹೌದೇ?
– ಒಬ್ಬ ಸೊಸೆ, ಡೊಂಬಿವಲಿ

ಉತ್ತರ: ಹಾಗಂದುಕೊಂಡು ಕೂರಬೇಡಿ. ಕೊನೆಯ ಕಾರ್ಬೋಪ್ಲಾಟಿನ್ ಆಗಿ ಆರು ತಿಂಗಳಿಗಿಂತ ಹೆಚ್ಚು ಕಾಲ ರೋಗ ಮರಳದೆ ಇದ್ದರೆ ಅದೇ ಔಷಧ ಮತ್ತೆ ಕೆಲಸ ಮಾಡುವ ಸಾಧ್ಯತೆ ಚೆನ್ನಾಗಿರುತ್ತದೆ. ಹಳೆಯದನ್ನೇ ಕೊಡುತ್ತಿರುವುದು ಅದಕ್ಕೆ. ಔಷಧ ಅದೇ, ಮೈ ಮಾತ್ರ ಮೊದಲಿನದಲ್ಲ.

ಮುಖ್ಯವಾದದ್ದು ಅಲರ್ಜಿ. ಮೊದಲ ಸುತ್ತಿನಲ್ಲಿ ಕಾರ್ಬೋಪ್ಲಾಟಿನ್ ಅಲರ್ಜಿ ಅಪರೂಪ. ಎರಡನೇ ಸುತ್ತಿನಲ್ಲಿ, ಅದರಲ್ಲೂ ಎರಡನೇ ಡೋಸಿನ ಆಸುಪಾಸಿನಲ್ಲಿ, ಅದು ಹೆಚ್ಚು. ಹಿಂದಿನ ಸಲ ಔಷಧವನ್ನು ಗುರುತು ಹಿಡಿದಿಟ್ಟುಕೊಂಡ ದೇಹ ಈಗ ಅದರ ಮೇಲೆ ತಿರುಗಿಬೀಳುತ್ತದೆ. ಸಾಮಾನ್ಯವಾಗಿ ಅಂಗೈ ತುರಿಕೆಯಿಂದ ಶುರು. ಆಮೇಲೆ ಮುಖ ಕೆಂಪಾಗುವುದು, ಹೊಟ್ಟೆ ಹಿಂಡಿದಂತಾಗುವುದು, ಎದೆ ಬಿಗಿಯುವುದು. ಅರ್ಧ ಡ್ರಿಪ್ ಇಳಿದ ಮೇಲೂ ಬರಬಹುದು. "ಇನ್ನೇನು ಮುಗೀತಲ್ಲ" ಎಂದು ಹಲ್ಲು ಕಚ್ಚಿ ಸುಮ್ಮನಿರುವವರೇ ನಮ್ಮಲ್ಲಿ ಜಾಸ್ತಿ. ಅತ್ತೆಯವರು ಅಂಗೈ ಉಜ್ಜಿಕೊಳ್ಳುವುದು ಕಂಡ ಕೂಡಲೇ ಸಿಸ್ಟರನ್ನು ಕರೆಯಿರಿ. ಡ್ರಿಪ್ ನಿಲ್ಲಿಸಿ ಇಂಜೆಕ್ಷನ್ ಕೊಡುತ್ತಾರೆ. ಡೇ ಕೇರ್ ಒಳಗೆ ನಿಮ್ಮನ್ನು ಬಿಡದಿದ್ದರೆ, ಇದನ್ನು ಅತ್ತೆಯವರಿಗೇ ಮೊದಲೇ ಹೇಳಿಕೊಟ್ಟಿರಿ.

ಎರಡನೆಯದು ಕೈಕಾಲು ಜೋಮು. ಪ್ಯಾಕ್ಲಿಟಾಕ್ಸೆಲ್ ನರಗಳಿಗೆ ಮಾಡಿದ ಹಾನಿ ಹೋದ ಸಲದ್ದೇ ಒಂದಷ್ಟು ಉಳಿದಿರುತ್ತದೆ, ಅದರ ಮೇಲೆ ಹೊಸದು ಸೇರುತ್ತದೆ. "ಜೋಮು ಇದೆಯಾ" ಎಂದು ಕೇಳಿದರೆ ಪರವಾಗಿಲ್ಲ ಅಂದುಬಿಡುತ್ತಾರೆ. ರವಿಕೆಯ ಹುಕ್ಕು ಹಾಕಿಕೊಳ್ಳಲು ತಡಕಾಡುತ್ತಾರೆಯೇ, ಚಪ್ಪಲಿ ಕಾಲಿನಿಂದ ಜಾರಿದ್ದು ಗೊತ್ತಾಗುತ್ತಿಲ್ಲವೇ, ನೋಡಿ. ಹೌದಾದರೆ ಮುಂದಿನ ಡೋಸಿಗೆ ಮೊದಲೇ ಡಾಕ್ಟರಿಗೆ ಹೇಳಿ, ಡೋಸ್ ಇಳಿಸಬಹುದು ಅಥವಾ ಔಷಧ ಬದಲಿಸಬಹುದು. ಬಿಸಿ ಪಾತ್ರೆ ಇಳಿಸುವ ಕೆಲಸ ಅವರಿಗೆ ಬೇಡ.

ಇನ್ನು ಜ್ವರ. ಕೀಮೋ ಆಗಿ 7ರಿಂದ 14ನೇ ದಿನದ ನಡುವೆ ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ, ಎರಡನೇ ಸುತ್ತಿನಲ್ಲಿ ರಕ್ತಕಣ ತಯಾರಿಸುವ ಮೂಳೆಮಜ್ಜೆ ಸುಧಾರಿಸಿಕೊಳ್ಳುವುದೂ ನಿಧಾನ. ಬೆಳಿಗ್ಗೆ ಸಂಜೆ ಡಿಜಿಟಲ್ ಥರ್ಮಾಮೀಟರ್ ನಾಲಿಗೆಯಡಿ ಇಡಿ, ಚಹಾ ಕುಡಿದಿದ್ದರೆ ಕಾಲು ಗಂಟೆ ಬಿಟ್ಟು. 100.4 ಡಿಗ್ರಿ ಮುಟ್ಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕಾಯಬೇಡಿ. ಜ್ವರ ಇಳಿದಂತೆ ಕಾಣುತ್ತದೆ, ಸೋಂಕು ರಕ್ತದಲ್ಲಿ ಹರಡುತ್ತಲೇ ಇರುತ್ತದೆ. ಆಸ್ಪತ್ರೆ ಸೇರಿದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ರಕ್ತನಾಳಕ್ಕೆ ಹೋಗಬೇಕು. ಚಳಿ ನಡುಕ ಬಂದರೆ ಜ್ವರ ಅಷ್ಟಿಲ್ಲದಿದ್ದರೂ ಹೊರಡಿ. ನಡುರಾತ್ರಿ ಲೋಕಲ್ ರೈಲು ಇರುವುದಿಲ್ಲ, ಡೊಂಬಿವಲಿಯಿಂದ ಪರೇಲು ದೂರ. ಆದ್ದರಿಂದ ಮೊದಲ ಕೀಮೋಗೆ ಮುಂಚೆಯೇ ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿ ಎಮರ್ಜೆನ್ಸಿ ಇದೆ, ಇಂಥ ಪೇಷಂಟನ್ನು ಸೇರಿಸಿಕೊಳ್ಳುತ್ತಾರಾ ಎಂದು ಯಜಮಾನರು ಖುದ್ದಾಗಿ ಹೋಗಿ ವಿಚಾರಿಸಿ ಬರಲಿ. ಬಾಗಿಲಲ್ಲೇ ಹೇಳಬೇಕಾದ ಮಾತು: "ಕೀಮೋ ಆಗಿ ಇಷ್ಟು ದಿನ, ಜ್ವರ ಇಷ್ಟು."

ಮೂವರಿದ್ದೀರಿ, ಒಳ್ಳೆಯದಾಯಿತು. ಎಲ್ಲರೂ ಎಲ್ಲವನ್ನೂ ಮಾಡಲು ಹೊರಟರೆ ಒಂದೇ ಮಾತ್ರೆ ಎರಡು ಸಲ ಹೋಗುತ್ತದೆ, ಇಲ್ಲವೇ ಹೋಗುವುದೇ ಇಲ್ಲ. ಮಾತ್ರೆ, ಜ್ವರ, ಮಲವಿಸರ್ಜನೆ ಬರೆದಿಡುವ ಪುಸ್ತಕ ಒಬ್ಬರ ಕೈಯಲ್ಲಿರಲಿ. ವಾಂತಿ ನಿಲ್ಲಿಸುವ ಒಂಡಾನ್ಸೆಟ್ರಾನ್ ಮಲಬದ್ಧತೆ ತರುತ್ತದೆ. ಮೂರು ದಿನ ತಡೆಯದೆ ಮೊದಲ ಸಂಜೆಯಿಂದಲೇ ಯಾವ ಔಷಧ ಕೊಡಬೇಕೆಂದು ಕೇಳಿಕೊಳ್ಳಿ. ಎನಿಮಾ ಮನೆಯಲ್ಲಿ ಬೇಡವೇ ಬೇಡ. ಫೈಲ್ ಮತ್ತು ರಕ್ತಪರೀಕ್ಷೆ ಇನ್ನೊಬ್ಬರಿಗೆ. ಕ್ರಿಯಾಟಿನಿನ್ ರಿಪೋರ್ಟ್ ಬಿಡಬೇಡಿ, ಕಾರ್ಬೋಪ್ಲಾಟಿನ್ ಎಷ್ಟು ಎಂಬುದು ಕಿಡ್ನಿಯ ಲೆಕ್ಕದ ಮೇಲೆ ನಿಂತಿದೆ. ಪ್ಲೇಟ್‌ಲೆಟ್ ಅಥವಾ ಬಿಳಿಕಣ ಸಾಲದೆಂದು ಒಂದು ವಾರ ಮುಂದೂಡಿದರೆ ಗಾಬರಿಯಾಗಬೇಡಿ, ಎರಡನೇ ಸುತ್ತಿನಲ್ಲಿ ಅದು ಮಾಮೂಲು. ಲೋಕಲಿನಲ್ಲಿ ಅಂಗವಿಕಲರ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳಿಗೂ ಅವಕಾಶವಿದೆ. ಆಸ್ಪತ್ರೆಯ ಕಾಗದ ಕೈಯಲ್ಲಿರಲಿ.

ಪ್ರಶ್ನೆ: ತಂದೆಯವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಮರಳಿದೆ, ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಶುರುವಾಗಲಿದೆ. ಎದೆಗುಂದುತ್ತಾರೆಂದು "ಶಕ್ತಿಗೆ ಡ್ರಿಪ್" ಎಂದು ಹೇಳೋಣ ಅನ್ನುತ್ತಾರೆ ಅಣ್ಣ. ಸರಿಯೇ?
– ಚಿಂಚವಾಡ, ಪುಣೆ

ಉತ್ತರ: ಸರಿಯಲ್ಲ. ಈ ಔಷಧ ಆದ ಕೆಲವು ದಿನ ಫ್ರಿಜ್ಜಿನ ಬಾಗಿಲು ಮುಟ್ಟಿದರೂ ಬೆರಳು ಚುರುಗುಟ್ಟುತ್ತದೆ, ತಣ್ಣೀರು ಕುಡಿದರೆ ಗಂಟಲು ಕಟ್ಟಿ ಉಸಿರು ನಿಂತಂತಾಗುತ್ತದೆ. ಗೊತ್ತಿದ್ದವರು ಬೆಚ್ಚನೆ ನೀರು ಕುಡಿದು ಸುಧಾರಿಸಿಕೊಳ್ಳುತ್ತಾರೆ. ಗೊತ್ತಿಲ್ಲದವರಿಗೆ ಸಾವೇ ಬಂದಂತೆ. ಡ್ರಿಪ್ ಯಾವುದೆಂದು ತಿಳಿಯದವರು ಜೋಮು, ಜ್ವರ, ಭೇದಿಯನ್ನು ಹೇಳಿಕೊಳ್ಳುವುದೂ ಇಲ್ಲ. "ಅಪ್ಪ, ರಿಪೋರ್ಟ್ ಬಗ್ಗೆ ನಿಮಗೆ ಎಷ್ಟು ತಿಳಿಯಬೇಕು?" ಎಂದು ಅವರನ್ನೇ ಕೇಳಿ. ನೆಂಟರೆಲ್ಲ ಸುತ್ತ ಕೂರದೆ, ಡಾಕ್ಟರ ಕೋಣೆಯಲ್ಲಿ ಅಣ್ಣ ಒಬ್ಬರೇ ಪಕ್ಕದಲ್ಲಿದ್ದರೆ ಸಾಕು.

ಪ್ರಶ್ನೆ: ಕೀಮೋ ವೇಳೆ ಮೊಸರು, ಕಷಾಯ ಕೊಡಬಹುದೇ?
– ಮುಲುಂಡ್

ಉತ್ತರ: ಕಾಯಿಸಿದ ಹಾಲಿಗೆ ಮನೆಯಲ್ಲೇ ಹೆಪ್ಪು ಹಾಕಿದ ಮೊಸರು ಆಗಬಹುದು. ಬೀದಿಯ ಚಟ್ನಿ, ಹೆಚ್ಚಿಟ್ಟ ಹಣ್ಣು, ಗಾಡಿಯ ಜ್ಯೂಸ್ ಬೇಡ. ಸಾರಿನ ಅರಿಶಿನಕ್ಕೆ ಅಡ್ಡಿಯಿಲ್ಲ. ಅರಿಶಿನದ ಕ್ಯಾಪ್ಸೂಲ್, ಗಿಡಮೂಲಿಕೆಯ ಕಷಾಯ ಮಾತ್ರ ಡಾಕ್ಟರಿಗೆ ತಿಳಿಸದೆ ಕೊಡಬೇಡಿ. ಲಿವರ್ ಪರೀಕ್ಷೆ ಏರಿದರೆ ಕಾರಣ ಕೀಮೋವೋ ಕಷಾಯವೋ ತಿಳಿಯದೆ, ಬೇಕಾದ ಔಷಧವನ್ನೇ ನಿಲ್ಲಿಸಬೇಕಾಗುತ್ತದೆ.