ಟ್ರ್ಯಾಕ್ 07 ಬರೆದದ್ದು ಯಾರು ಸ್ವಾಮಿ?

ಓದುಗರ ಪತ್ರ: "ಹೋದ ಸಂಚಿಕೆಯಲ್ಲಿ ರಾತ್ರಿ ರೇಡಿಯೋ ಸತ್ತುಹೋಯಿತು ಅಂತ ಅರ್ಧ ಪುಟ ಅತ್ತಿದ್ದೀರಿ. ನನ್ನ ಪೆನ್‌ಡ್ರೈವ್‌ನಲ್ಲಿ ಮೂರು ಸಾವಿರ ಹಳೆಯ ಹಾಡುಗಳಿವೆ. ಬೇಕೆಂದಾಗ ಕೇಳುತ್ತೇನೆ. ರಾತ್ರಿ ಎರಡು ಗಂಟೆಗೆ ಸ್ಟುಡಿಯೋದಲ್ಲಿ ಒಬ್ಬರನ್ನು ಕೂರಿಸಿ ಸಂಬಳ ಕೊಡುವುದು ಯಾಕೆ? ಕಂಪ್ಯೂಟರ್ ಹಾಕಿದರೂ ಅದೇ ಹಾಡು ಅಲ್ವಾ? ಹಾಗೇ ಒಂದು ಪ್ರಶ್ನೆ. 'ವಿರಹ ನೂರು ನೂರು ತರಹ' ಬರೆದವರು ಯಾರು? ಪೆನ್‌ಡ್ರೈವ್‌ನಲ್ಲಿ ಬರೀ 'ಟ್ರ್ಯಾಕ್ 07' ಅಂತಿದೆ." — ಓದುಗರೊಬ್ಬರು, ದಾವಣಗೆರೆ

ಸ್ವಾಮಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೊನೆಯ ಪ್ರಶ್ನೆಗೆ ಕೊನೆಯಲ್ಲೇ ಬರುತ್ತೇನೆ, ಅಲ್ಲಿಯವರೆಗೆ ಎದ್ದು ಹೋಗಬೇಡಿ.

ನೀವು ಹೇಳಿದ್ದರಲ್ಲಿ ಸರಿ ಇರುವಷ್ಟನ್ನು ಮೊದಲೇ ಒಪ್ಪಿಬಿಡುತ್ತೇನೆ. ಪೆನ್‌ಡ್ರೈವ್‌ನಲ್ಲಿ ಗೊರಗೊರ ಇಲ್ಲ, ಜಾಹೀರಾತು ಇಲ್ಲ, ಕರೆಂಟು ಹೋದರೂ ಹಾಡು ನಿಲ್ಲುವುದಿಲ್ಲ. ನಮ್ಮ ಮನೆಯಲ್ಲೂ ಹಾಡು ತುಂಬಿಸಿಟ್ಟ ರೇಡಿಯೋದಂಥ ಡಬ್ಬಿ ಒಂದಿದೆ. ಮಗಳು ಕೊಡಿಸಿದ್ದು. ಸಂಜೆ ಕಾಫಿ ಹೊತ್ತಿಗೆ ಚೆನ್ನಾಗಿಯೇ ಹಾಡುತ್ತದೆ. ಒಪ್ಪಿದ್ದಾಯಿತಲ್ಲ, ಈಗ ನನ್ನ ಮಾತು ಕೇಳಿ.

ಹಳೆ ಹಾಡಿಗೆಂದೇ ಸ್ಟೇಷನ್ ಇಡುವ ಪದ್ಧತಿ ದೊಡ್ಡದಾಗಿ ಬೆಳೆದದ್ದು ಅಮೆರಿಕದಲ್ಲಿ. ಲಾಸ್ ಏಂಜಲೀಸ್‌ನಲ್ಲಿ ಆರ್ಟ್ ಲಬೋ ಅಂತ ಒಬ್ಬ ರೇಡಿಯೋ ಉದ್ಘೋಷಕರಿದ್ದರು. ಕಾರಿನಲ್ಲೇ ಕೂತು ತಿನ್ನುವ ಹೋಟೆಲ್‌ಗಳಿರುತ್ತವಲ್ಲ, ಅಂಥ ಕಡೆ ಮೈಕ್ ಹಿಡಿದು ನಿಂತು, ಬಂದ ಹುಡುಗ ಹುಡುಗಿಯರನ್ನು ಯಾವ ಹಾಡು ಬೇಕು ಅಂತ ಕೇಳುತ್ತಿದ್ದರು. ತುಂಬ ಜನ ಕೇಳುತ್ತಿದ್ದದ್ದು ಹೊಸ ಹಾಡಲ್ಲ, ನಾಲ್ಕೈದು ವರ್ಷ ಹಿಂದಿನದು. ಅಂಥವನ್ನೆಲ್ಲ ಸೇರಿಸಿ 1959ರಲ್ಲಿ ಒಂದು ರೆಕಾರ್ಡ್ ತಂದರು. 'ಓಲ್ಡೀಸ್' ಅನ್ನುವ ಮಾತು ಮನೆಮಾತಾಗಿದ್ದು ಆಗಲೇ. 2022ರಲ್ಲಿ ತೀರಿಕೊಂಡಾಗ ಅವರಿಗೆ 97 ವರ್ಷ, ಕೊನೆಯವರೆಗೂ ಕಾರ್ಯಕ್ರಮ ಬಿಟ್ಟಿರಲಿಲ್ಲ. ಜೈಲಿನಲ್ಲಿರುವ ಗಂಡನಿಗೆ, ಮಗನಿಗೆ ಅಂತ ಹೆಂಗಸರು ಫೋನ್ ಮಾಡಿ ಹಾಡು ಕೇಳುತ್ತಿದ್ದರು, ಇವರು ಹೆಸರು ಹೇಳಿ ಹಾಕುತ್ತಿದ್ದರು. ಸ್ವಲ್ಪ ಯೋಚಿಸಿ ಸ್ವಾಮಿ, ಜೈಲಿನಲ್ಲಿರುವವನಿಗೆ ಬೇಕಾಗಿದ್ದು ಹಾಡು ಮಾತ್ರವಾ?

ನ್ಯೂಯಾರ್ಕ್‌ನ ಡಬ್ಲ್ಯುಸಿಬಿಎಸ್ ಎಫ್‌ಎಂ ಕಥೆ ನಿಮ್ಮ ಕಂಪ್ಯೂಟರ್ ವಾದಕ್ಕೆ ಇನ್ನೂ ಹತ್ತಿರದ್ದು. 1972ರ ಜುಲೈನಿಂದ ಅದು ಹಳೆ ಹಾಡಿನ ಸ್ಟೇಷನ್. ಮೂವತ್ತು ವರ್ಷಕ್ಕೂ ಮೇಲೆ ಜನಕ್ಕೆ ಅಲ್ಲಿನ ದನಿಗಳು ಮನೆಯವರ ಹಾಗೆ. 2005ರ ಜೂನ್ 3ರ ಸಂಜೆ ದಿಢೀರಂತ ಎಲ್ಲ ಬಂದ್! ಅದೇ ಜಾಗದಲ್ಲಿ 'ಜ್ಯಾಕ್' ಅನ್ನುವ ಹೊಸ ವೇಷ. ಹಾಡಿನ ನಡುವೆ ಮಾತಾಡುವ ಡಿಜೆಗಳೇ ಇಲ್ಲ, ಹಾಡುಗಳನ್ನು ಕಲಸಿ ಒಂದರ ಮೇಲೊಂದು ಬಿಡುವುದಷ್ಟೇ. ಕಾರಣ ಜಾಹೀರಾತು. ಅಲ್ಲಿನ ಜಾಹೀರಾತಿನವರಿಗೆ 25ರಿಂದ 54 ವರ್ಷದವರು ಬೇಕು, 55 ದಾಟಿದವರ ಕಿವಿಗೆ ಬೆಲೆ ಇಲ್ಲ. (ನಿಮಗೂ ನನಗೂ ಇಲ್ಲ ಅಂತ ಅರ್ಥ.) ಜನ ಸುಮ್ನೆ ಬಿಡಲಿಲ್ಲ, ಕೇಳುಗರು ಕಡಿಮೆಯಾದರು, 2007ರ ಜುಲೈ 12ಕ್ಕೆ ಹಳೆ ಸ್ಟೇಷನ್ ವಾಪಸ್ ಬಂತು. ಬಂದದ್ದು ಪೂರ್ತಿ ಹಳೆಯದಲ್ಲ. ಐವತ್ತರ ದಶಕದ ಹಾಡು ಮೆಲ್ಲಗೆ ಉದುರಿ ಎಪ್ಪತ್ತು, ಎಂಬತ್ತರವು ಒಳಗೆ ಬಂದವು. 'ಓಲ್ಡೀಸ್' ಅಂದರೆ ಮುದುಕರ ವಾಸನೆ ಅಂತ 'ಕ್ಲಾಸಿಕ್ ಹಿಟ್ಸ್' ಅನ್ನತೊಡಗಿದರು. ನಮ್ಮಲ್ಲೂ ಅಷ್ಟೇ. ಹಂಸಲೇಖ ಅವರ ಹಾಡು ಈಗ 'ಹಳೆಯದು'. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್ ಅಟ್ಟಕ್ಕೆ ಹೋದರು. ಕಾಳಿಂಗರಾಯರ ಹೆಸರು ಹೇಳಿದರೆ ಹುಡುಗರು ಯಾವ ಊರಿನ ರಾಯರು ಅಂತ ಕೇಳುತ್ತಾರೆ.

ಸರಿ, ರಾತ್ರಿ ಎರಡು ಗಂಟೆಯ ವಿಷಯ. ಅಮೆರಿಕದಲ್ಲಿ 1996ರಲ್ಲಿ ಒಂದು ಕಾನೂನು ಬಂತು. ಒಂದು ಕಂಪನಿ ದೇಶದಲ್ಲೆಲ್ಲ ಎಷ್ಟು ಬೇಕಾದರೂ ಸ್ಟೇಷನ್ ಇಟ್ಟುಕೊಳ್ಳಬಹುದು ಅಂತ. ದೊಡ್ಡವರು ನೂರಾರು ಸ್ಟೇಷನ್ ಕೊಂಡರು, ಖರ್ಚು ಉಳಿಸಲು ಮೊದಲು ಖಾಲಿ ಮಾಡಿಸಿದ್ದು ರಾತ್ರಿ ಪಾಳಿಯವರನ್ನು. ನಾರ್ತ್ ಡಕೋಟಾದ ಮೈನಾಟ್ ಊರಿನಲ್ಲಿ ಆರು ವಾಣಿಜ್ಯ ಸ್ಟೇಷನ್, ಆರೂ ಒಂದೇ ಕಂಪನಿಯದು. 2002ರ ಜನವರಿ 18ರ ನಡುರಾತ್ರಿ ದಾಟಿದ ಮೇಲೆ ಊರ ಪಕ್ಕ ಗೂಡ್ಸ್ ರೈಲು ಹಳಿ ತಪ್ಪಿ ಅಮೋನಿಯಾ ಸೋರಿತು. ಮೈ ಕೊರೆಯುವ ಚಳಿ, ಹೊರಗೆ ವಿಷದ ಮೋಡ. ಜನ ರೇಡಿಯೋ ಹಾಕಿದರೆ ಹಾಡು ಬರುತ್ತಿದೆ. ಪೊಲೀಸರು ಸ್ಟೇಷನ್‌ಗೆ ಫೋನ್ ಮಾಡಿದರೆ ಎತ್ತುವವರಿಲ್ಲ. ಒಬ್ಬರು ಸತ್ತರು, ನೂರಾರು ಜನ ಉಸಿರಾಟದ ತೊಂದರೆಗೆ ಸಿಕ್ಕರು. ಒಳಗೆ ಒಬ್ಬರಿದ್ದರು, ಫೋನ್ ಲೈನು ತುಂಬಿತ್ತು, ಎಚ್ಚರಿಕೆ ಕೊಡುವ ಯಂತ್ರವನ್ನು ಪೊಲೀಸರೇ ಸರಿಯಾಗಿ ಬಳಸಲಿಲ್ಲ ಅಂತ ಕಂಪನಿಯವರು ಆಮೇಲೆ ಹೇಳಿದರು. ಇರಬಹುದು. ನಾನು ಪೊಲೀಸರ ವಕೀಲನಲ್ಲ. ಆದರೆ "ಅದೇ ಹಾಡು ಅಲ್ವಾ" ಅಂದಿರಲ್ಲ, ಮೈನಾಟ್‌ನಲ್ಲೂ ಅವತ್ತು ಅದೇ ಹಾಡೇ ಬರುತ್ತಿತ್ತು.

ಅಷ್ಟು ದೂರ ಯಾಕೆ ಹೋಗಬೇಕು. ನಮ್ಮ ಆಕಾಶವಾಣಿಗೂ ಒಂದು ರಾತ್ರಿ ವಾಹಿನಿ ಇತ್ತು, ಗೊತ್ತಾ? 1988ರ ಮೇ ತಿಂಗಳಲ್ಲಿ ಶುರುವಾದ 'ರಾಷ್ಟ್ರೀಯ ಪ್ರಸಾರ'. ನಾಗಪುರದ ಒಂದು ಮೆಗಾವಾಟ್ ಟ್ರಾನ್ಸ್‌ಮಿಟರ್, ಮೀಡಿಯಂ ವೇವ್ 1566 ಕಿಲೋಹರ್ಟ್ಸ್. ಸಂಜೆ ಶುರುವಾದರೆ ಮುಗಿಯುವುದು ಬೆಳಗಿನ ಜಾವ. ಹಗಲಲ್ಲಿ ಆಕಾಶದ ಒಂದು ಪದರ ಮೀಡಿಯಂ ವೇವ್ ಅಲೆಯನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಅಲೆ ಅದಕ್ಕೂ ಮೇಲಿನ ಪದರಕ್ಕೆ ಬಡಿದು ನೂರಾರು ಮೈಲಿ ಆಚೆ ಬಂದು ಬೀಳುತ್ತದೆ. ಹಾಗಾಗಿ ರಾತ್ರಿ ನಾಗಪುರ ನಮ್ಮೂರಿಗೂ ಬರುತ್ತಿತ್ತು.

ಆಗ ನಾನು ಜಿಲ್ಲಾ ಪತ್ರಿಕೆಯೊಂದರಲ್ಲಿ ರಾತ್ರಿ ಪಾಳಿಯ ಪ್ರೂಫ್ ರೀಡರ್. ಮಷಿನ್ ರೂಮಿನಲ್ಲಿ ನ್ಯೂಸ್‌ಪ್ರಿಂಟ್ ರೀಲಿನ ಮೇಲೆ ಚರ್ಮದ ಕವರಿನ ಟ್ರಾನ್ಸಿಸ್ಟರ್ ಇರುತ್ತಿತ್ತು. ವಿವಿಧ ಭಾರತಿ ಮುಗಿದ ಮೇಲೆ ಮಷಿನ್ ಮ್ಯಾನ್ ಸಾಹೇಬರು ಕೈಯ ಮಸಿ ಬನಿಯನ್ನಿಗೆ ಒರೆಸಿ ಮುಳ್ಳು ತಿರುಗಿಸುತ್ತಿದ್ದರು. ಮುಳ್ಳು ಮಾತ್ರ ಅಲ್ಲ, ರೇಡಿಯೋವನ್ನೇ ತಿರುಗಿಸುತ್ತಿದ್ದರು, ಮುಖ ಉತ್ತರಕ್ಕೆ ಬಂದಾಗ ಹಾಡು ತಿಳಿಯಾಗುತ್ತಿತ್ತು. ಅದು ಏರುತ್ತಿತ್ತು, ಇಳಿಯುತ್ತಿತ್ತು, ಒಮ್ಮೊಮ್ಮೆ ಪಲ್ಲವಿ ಇಲ್ಲಿ ಕೇಳಿದರೆ ಚರಣ ಗಾಳಿಗೆ. ಒಂದು ರಾತ್ರಿ ಮೂರರ ಹೊತ್ತಿಗೆ, ಯಾವ ಸ್ಟೇಷನ್ನೋ ಏನೋ, ಹಾಡಿನ ವಿವರ ಹೇಳುತ್ತಿದ್ದ ಹೆಂಗಸು ಕೆಮ್ಮಿದರು. ನೀರು ಕುಡಿದದ್ದೂ ಕೇಳಿಸಿತು. ಸಾಹೇಬರು ಮಷಿನ್ ನಿಲ್ಲಿಸಿ, "ಪಾಪ, ಅವರಿಗೂ ನಿದ್ದೆ ಇಲ್ಲ" ಅಂದರು. ಆಮೇಲೆ ಮತ್ತೆ ಕಟಕಟ ಶುರು, ನಾಲ್ಕೂವರೆ ಬಸ್ಸಿಗೆ ಬಂಡಲ್ ಹೋಗಬೇಕಿತ್ತು.

ಆ ರಾಷ್ಟ್ರೀಯ ಪ್ರಸಾರ 2019ರ ಜನವರಿಯಲ್ಲಿ ನಿಂತಿತು. ಖರ್ಚು ಉಳಿಸಲು ಅಂತ. ಪೇಪರುಗಳಲ್ಲಿ ನಾಲ್ಕು ಸಾಲು ಬಂತು, ಅಷ್ಟೇ. ರಾತ್ರಿ ಕೇಳುವವರು ಯಾರು ಅಂತ ನೀವು ಕೇಳಬಹುದು. ರಾತ್ರಿ ಹನ್ನೆರಡಕ್ಕೆ ತ್ರೀಫೇಸ್ ಕರೆಂಟು ಬರುತ್ತದೆ ಅಂತ ಪಂಪ್‌ಸೆಟ್ ಕಾಯುವ ರೈತ ಇದ್ದಾನೆ, ದಾವಣಗೆರೆ ಸುತ್ತ ನಿಮಗೇ ನೂರು ಜನ ಗೊತ್ತಿರುತ್ತಾರೆ. ಎಟಿಎಂ ಮುಂದೆ ಸ್ಟೂಲ್ ಹಾಕಿಕೊಂಡವರು, ವಾರ್ಡಿನ ನರ್ಸ್, ನೈಟ್ ಹಾಲ್ಟ್ ಬಸ್ಸಿನ ಕಂಡಕ್ಟರ್. ಇವರ ಕಿವಿಗೂ ಯಾವ ಜಾಹೀರಾತಿನವರ ಹತ್ತಿರ ಬೆಲೆ ಇಲ್ಲ.

ಎಫ್‌ಎಂ ಇದೆಯಲ್ಲ ಅಂತೀರೇನೋ. ಹೋದ ವರ್ಷ ಒಂದು ರಾತ್ರಿ ಊರೆಲ್ಲ ಧೋ ಅಂತ ಮಳೆ, ನಮ್ಮ ಬೀದಿಯಲ್ಲಿ ಮೊಣಕಾಲು ನೀರು. ಯಾವುದೋ ಒಂದು ಸ್ಟೇಷನ್‌ನಲ್ಲಿ ಹುಡುಗ ಹೇಳುತ್ತಿದ್ದಾನೆ, "ಹೊರಗೆ ಮಸ್ತ್ ಬೆಳದಿಂಗಳು, ಟೆರೇಸ್‌ಗೆ ಹೋಗಿ ಕೇಳಿ" ಅಂತ. ಮಧ್ಯಾಹ್ನವೇ ರೆಕಾರ್ಡ್ ಮಾಡಿಟ್ಟು ಹೋಗಿದ್ದಾನೆ, ಪಾಪ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಸಿಟ್ಟು ಇರುವುದು ಬೇರೆಯದಕ್ಕೆ. ಹಾಡು ಬರೆದವರ ಹೆಸರು ಹೇಳುವುದನ್ನು ನಿಲ್ಲಿಸಿದರಲ್ಲ, ಅದಕ್ಕೆ. ಆಕಾಶವಾಣಿ ಅನ್ನುವ ಹೆಸರೇ ನಮ್ಮ ಮೈಸೂರಿನದು. 1935ರಲ್ಲಿ ಗೋಪಾಲಸ್ವಾಮಿ ಮೇಷ್ಟ್ರು ತಮ್ಮ ಮನೆಯಿಂದಲೇ ನಡೆಸಿದ ಸ್ಟೇಷನ್ನಿನ ಹೆಸರು ಅದು, ಇಡೀ ದೇಶ ಆಮೇಲೆ ತೆಗೆದುಕೊಂಡಿತು. ಆಕಾಶವಾಣಿಯ ಉದ್ಘೋಷಕರು ಚಿತ್ರ ಯಾವುದು, ಹಾಡಿದವರು ಯಾರು, ಬರೆದವರು ಯಾರು, ಸಂಗೀತ ಯಾರದು ಅಂತ ಒಂದನ್ನೂ ಬಿಡದೆ ಹೇಳುತ್ತಿದ್ದರು. ನಮ್ಮಮ್ಮ ಸ್ಕೂಲಿನ ಮುಖ ನೋಡಿದವರಲ್ಲ. ಚಿ. ಉದಯಶಂಕರ್ ಯಾರು, ಆರ್.ಎನ್. ಜಯಗೋಪಾಲ್ ಯಾರು ಅಂತ ಅಕ್ಕಿ ಆರಿಸುತ್ತಲೇ ಹೇಳುತ್ತಿದ್ದಳು. ಈಗ ಡಿಗ್ರಿ ಮಾಡಿದವರಿಗೂ ಹೀರೋ ಹೆಸರಷ್ಟೇ ಗೊತ್ತು. "ರಾಜ್‌ಕುಮಾರ್ ಹಾಡು" ಅಂದರೆ ಮುಗಿಯಿತು, ಬರೆದವನು ಮಣ್ಣಿಗೆ. ನಿಮ್ಮ ಮೂರು ಸಾವಿರ ಹಾಡಿನಲ್ಲಿ ಎಷ್ಟು ಟ್ರ್ಯಾಕ್ 07 ಇವೆಯೋ, ಎಣಿಸಿ ನೋಡಿ.

ನೀವು ಕೇಳಿದಿರಿ ಅನ್ನುವುದೇ ನನಗೆ ಖುಷಿ, ಸುಳ್ಳಲ್ಲ. ಕೇಳದೆ ಇರುವವರೇ ಜಾಸ್ತಿ. ಎಲ್ಲೂ ಹುಡುಕದೆ, ಮಷಿನ್ ರೂಮಿನಲ್ಲಿ ಕೇಳಿ ಬಾಯಿಪಾಠ ಆದದ್ದನ್ನೇ ಬರೆಯುತ್ತಿದ್ದೇನೆ. ಪೆನ್ನು ತಗೊಳ್ಳಿ.

ಚಿತ್ರ 'ಎಡಕಲ್ಲು ಗುಡ್ಡದ ಮೇಲೆ', 1973. ಹಾಡಿದವರು ಎಸ್. ಜಾನಕಿ. ಸಂಗೀತ ಎಂ. ರಂಗರಾವ್. ಸಾಹಿತ್ಯ ವಿಜಯನಾರಸಿಂಹ.

— ಸಂ.